ಗತಕಾಲದ ಜಾತ್ರೆ

‘ಇತಿಹಾಸ’ವೆಂಬ ಶಬ್ದವನ್ನು ಬಿಡಿಸಿದರೆ ಇತಿ, ಹ, ಆಸ ಎಂಬ ಮೂರು ಪದಗಳು ದೊರೆಯುವುವು. ‘ಹೀಗೆಯೇ ಇದ್ದಿತು’ ಎಂಬುದು ಅವುಗಳ ಅರ್ಥ. ನಾವು ಪಾಠಶಾಲೆಯಲ್ಲಿದ್ದ ಕಾಲದಲ್ಲಿ ಅರಸರ ಹೆಸರುಗಳನ್ನೂ ಇಸವಿಗಳನ್ನೂ ಬಾಲಕರಿಂದ ಉರುಹೊಡೆಯಿಸಿದೆವು. ಪರೀಕ್ಷೆ ಮುಗಿದ ಮರುದಿನವೇ ಅವರು ಎಲ್ಲವನ್ನೂ ಮರೆತರು. ಅಮೆರಿಕಾ ದೇಶದ ಒಬ್ಬ ಉಪಾಧ್ಯಾಯಿನಿಯು ಬೇರೊಂದು ದಾರಿಯನ್ನು ಹಿಡಿದಳು. ಆ ವೃತ್ತಾಂತದಲ್ಲಿ ವಿನೋದವೂ ಉಂಟು, ವಿಚಾರವೂ ಉಂಟು.

ಆಕೆಯ ಹೆಸರು ಫಿಲಿಸ್ ಪ್ಯಾಟರ್ಸನ್. ಶಾಲೆಯ ಕೆಲಸವನ್ನು ಬಿಟ್ಟ ಬಳಿಕ ಆಕೆಯು ಲಾಸ್ ಏಂಜಲಿಸ್ ನಗರದಲ್ಲಿ ತನ್ನ ಮನೆಯ ಹಿತ್ತಲಿನಲ್ಲಿಯೇ ಮಕ್ಕಳಿಗೆ ನಾಟಕವನ್ನು ಕಲಿಸುತ್ತಿದ್ದಳು. ಹದಿನಾರನೆಯ ಶತಮಾನದ ಇಟಲಿಯ ನಟರು ಬೀದಿಗಳಲ್ಲಿ ಆಡುತ್ತಿದ್ದಂಥ ಹಾಸ್ಯನಾಟಕಗಳನ್ನು ಆ ಮಕ್ಕಳು ಆಡಿದರು. ಅಲ್ಲಿ ಮೊಳೆತ ಆಲೋಚನೆಯನ್ನು ಪತಿಯಾದ ರಾನ್ ಪ್ಯಾಟರ್ಸನ್ನನೊಡನೆ ಬೆಳೆಯಿಸಿ, 1963ನೆಯ ಇಸವಿ ಮೇ ತಿಂಗಳಿನಲ್ಲಿ ಎರಡು ದಿನಗಳ ಜಾತ್ರೆಯೊಂದನ್ನು ನಡೆಯಿಸಿದಳು. ಶ್ರೋತೃಗಳ ದ್ರವ್ಯಸಹಾಯದಿಂದ ನಡೆಯುವ ರೇಡಿಯೋ ಕೇಂದ್ರವೊಂದಕ್ಕೆ ಧನಸಂಗ್ರಹ ಮಾಡುವುದೇ ಅದರ ಉದ್ದೇಶವಾಗಿದ್ದಿತು. ಜನರ ಉತ್ಸಾಹದಿಂದ ಜಾತ್ರೆಯು ಬೇರೂರಿತು. 1974ರಲ್ಲಿ ಟೆಕ್ಸಾಸ್ ಸಂಸ್ಥಾನದಲ್ಲಿಯೂ ಇಂಥದೊಂದು ಆರಂಭವಾಯಿತು. ಈಗ ಆ ದೇಶದ ನಾನಾ ಭಾಗಗಳಲ್ಲಿ ‘ರೆನೆಸಾನ್ಸ್ ಜಾತ್ರೆ’ಗಳು ನಡೆಯುತ್ತಿರುವುವು.

ರೆನೆಸಾನ್ಸ್ ಎಂದರೆ ಯೂರೋಪು ಖಂಡದ ವಿದ್ಯಾಪುನರುಜ್ಜೀವನದ ಕಾಲ. ಅನೇಕ ಜಾತ್ರೆಗಳು ಇಂಗ್ಲೆಂಡನ್ನು 1558ರಿಂದ 1603ರ ವರೆಗೆ ಆಳಿದ ಒಂದನೆಯ ಎಲಿಜಬೆತ್ ರಾಣಿಯ ದಿನಗಳನ್ನು ಅನುಕರಿಸುವುವು. ಬಯಲಿನಲ್ಲಿ ಹಳೆಯ ಕಾಲದ ಹಳ್ಳಿಯೊಂದು ಏಳುವುದು. ಒಂದು ಕಡೆ ಕಮ್ಮಾರನ ಕುಲುಮೆ, ಇನ್ನೊಂದು ಕಡೆ ಗಾಜನ್ನು ಊದಿ ಪಾತ್ರೆ ಮಾಡುವವನು. ಕವಚಧಾರಿಗಳಾದ ಅಶ್ವಾರೋಹಿಗಳು ಭರ್ಜಿಗಳನ್ನು ಹಿಡಿದು ಎದುರುಬದುರಾಗಿ ನುಗ್ಗುವರು. ನಡುವೆ ರಾಣಿಯ ಮೆರವಣಿಗೆ ಬರುವುದು. ನಟರು ಹಳೆಯ ಇಂಗ್ಲಿಷಿನ ಧಾಟಿಯಲ್ಲಿ ಮಾತನಾಡಿ, ಬಂದವರನ್ನು ಪ್ರಭುಗಳೆಂದೂ ದೊರೆಸಾನಿಯರೆಂದೂ ಕರೆಯುವರು. ನೋಡಲು ಬಂದವರಲ್ಲಿಯೂ ಅನೇಕರು ವೇಷಧಾರಿಗಳೇ! ಇಲ್ಲಿ ಪ್ರೇಕ್ಷಕರಿಗೂ ಪಾತ್ರಗಳಿಗೂ ನಡುವೆ ಪರದೆಯಿಲ್ಲ.

ಆದರೆ ನಿಜವಾಗಿ ಹೀಗೆಯೇ ಇದ್ದಿತೆ? 1574ರಲ್ಲಿ ರಾಣಿಯು ಹೊರಡಿಸಿದ ಶಾಸನವು ಯಾರು ಯಾವ ಬಟ್ಟೆಯನ್ನು ಉಡಬಹುದೆಂದು ವಿಧಿಸಿದ್ದಿತು. ಕೆನ್ನೀಲಿ ಬಣ್ಣದ ರೇಷ್ಮೆಯು ರಾಜಮನೆತನದವರಿಗೂ ಅತ್ಯುನ್ನತ ಪದವಿಯ ಪ್ರಭುಗಳಿಗೂ ಮಾತ್ರ ಸಲ್ಲುತ್ತಿದ್ದಿತು. ಜಾತ್ರೆಯಲ್ಲಾದರೋ ಬ್ಯಾಂಕಿನ ಗುಮಾಸ್ತನೂ ಅದನ್ನು ತೊಟ್ಟು ಮೆರೆಯಬಹುದು. ಆ ಕಾಲದ ಇಂಗ್ಲೆಂಡಿನ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಹುಡುಗರೇ ಧರಿಸುತ್ತಿದ್ದರು. ಇಲ್ಲಿ ಸ್ತ್ರೀಯರೇ ಅಭಿನಯಿಸುವರು. 1563ರಲ್ಲಿ ಲಂಡನ್ನಿನ ಮನೆಮನೆಗಳನ್ನು ಬರಿದುಮಾಡಿದ ಪ್ಲೇಗು ಈ ಹಳ್ಳಿಯನ್ನು ಪ್ರವೇಶಿಸುವುದೇ ಇಲ್ಲ. ಹೀಗೆ ಈ ಜಾತ್ರೆಯು ‘ಹೀಗೆಯೇ ಇದ್ದಿತು’ ಎನ್ನುವುದಿಲ್ಲ. ‘ಹೀಗಿದ್ದಿದ್ದರೆ ಎಷ್ಟು ಚೆನ್ನಾಗಿದ್ದಿತು!’ ಎನ್ನುವುದು.

ಇಷ್ಟರಿಂದ ಅದನ್ನು ಹುಸಿಯೆಂದು ತಳ್ಳಿಬಿಡಲು ನಮಗೆ ಮನಸ್ಸು ಬಾರದು. ಕೆನ್ನೀಲಿಯ ಅಂಗಿಯನ್ನು ತೊಟ್ಟು ಮನೆಗೆ ಬಂದ ಮಗುವು, ‘ಇದನ್ನು ಆಗ ಎಲ್ಲರೂ ತೊಡುತ್ತಿದ್ದರೆ?’ ಎಂದು ಒಮ್ಮೆ ಕೇಳಿದರೆ ಸಾಕು. ತಾಯಿತಂದೆಗಳು ಪುಸ್ತಕವನ್ನು ತೆರೆಯಬೇಕಾದ ಗಳಿಗೆ ಅದೇ. ಆಟವು ಪ್ರಶ್ನೆಯನ್ನು ಹುಟ್ಟಿಸಲಿ, ಗ್ರಂಥವು ಉತ್ತರವನ್ನು ಕೊಡಲಿ. ನಾವಾದರೋ ಪ್ರಶ್ನೆಯು ಹುಟ್ಟುವ ಮೊದಲೇ ಉತ್ತರವನ್ನು ಬಾಯಿಪಾಠ ಮಾಡಿಸಿದೆವು. ಮಕ್ಕಳು ಮರೆತುದರಲ್ಲಿ ಅವರ ತಪ್ಪೇನೂ ಇರಲಿಲ್ಲವೆಂದು ಈಗ ತೋರುವುದು.