ಕ್ಲೌಡ್ ಸೇವೆಗಳಲ್ಲಿ ಮುಕ್ತ ತಂತ್ರಾಂಶದ ಪಾತ್ರ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯತಿಯ ದಾಖಲೆಗಳಲ್ಲಿ ಬಹುಪಾಲು ಇಂದು ಕಚೇರಿಯ ಕಪಾಟಿನಲ್ಲಿ ಇರುವುದಿಲ್ಲ. ಆಸ್ತಿಗಳ ನಮೂನೆ-9 ಹಾಗೂ ನಮೂನೆ-11 ಇ-ಸ್ವತ್ತು ತಂತ್ರಾಂಶದಲ್ಲಿಯೂ, ತೆರಿಗೆಯ ಬೇಡಿಕೆ ಮತ್ತು ವಸೂಲಿಯ ಲೆಕ್ಕ ಪಂಚತಂತ್ರದಲ್ಲಿಯೂ, ಅಭಿವೃದ್ಧಿ ಯೋಜನೆಯ ವಿವರ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿಯೂ ನಿರ್ವಹಿಸಲ್ಪಡುತ್ತಿವೆ. ಇವು ಸರ್ಕಾರವೇ ಒದಗಿಸಿರುವ ವ್ಯವಸ್ಥೆಗಳು. ಇವಲ್ಲದೆ ನೀರಿನ ಕರದ ಬಿಲ್ಲು, ಕಸ ಸಂಗ್ರಹಣಾ ವಾಹನದ ನಿಗಾ, ಗ್ರಂಥಾಲಯದ ಪುಸ್ತಕಪಟ್ಟಿ ಮುಂತಾದ ಸ್ಥಳೀಯ ಕೆಲಸಗಳಿಗೆ ತಂತ್ರಾಂಶ ಒದಗಿಸುವುದಾಗಿ ಖಾಸಗಿ ಸಂಸ್ಥೆಗಳು ದರಪಟ್ಟಿ ಸಲ್ಲಿಸುವುದುಂಟು. ಅಂತಹ ದರಪಟ್ಟಿಗಳಲ್ಲಿ "ಕ್ಲೌಡ್ ಆಧಾರಿತ", "ಓಪನ್ ಸೋರ್ಸ್" ಎಂಬ ಪದಗಳು ಕಂಡುಬರುತ್ತವೆ. ಇವುಗಳ ಅರ್ಥವನ್ನು ವಿಚಾರಿಸದೆ ಸಾಮಾನ್ಯ ಸಭೆಯು ಅನುಮೋದನೆ ನೀಡಿದಲ್ಲಿ, ಗುತ್ತಿಗೆಯ ಅವಧಿ ಮುಗಿದ ದಿನ ಗ್ರಾಮದ ಲೆಕ್ಕವು ಬೇರೊಬ್ಬರ ವಶದಲ್ಲಿಯೇ ಉಳಿದುಹೋಗುವ ಸಂಭವವಿರುತ್ತದೆ. ಈ ಕಾರಣದಿಂದ ಸದಸ್ಯರ ಮಾಹಿತಿಗಾಗಿ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಕ್ಲೌಡ್ ಎಂದರೇನು

ಕ್ಲೌಡ್ ಎಂಬುದು ಆಕಾಶದಲ್ಲಿರುವ ವಸ್ತುವಲ್ಲ. ದೊಡ್ಡ ಕಟ್ಟಡಗಳಲ್ಲಿ ಸಾಲುಸಾಲಾಗಿ ಜೋಡಿಸಿದ ಸಾವಿರಾರು ಸರ್ವರ್‌ಗಳ ಸಾಮರ್ಥ್ಯವನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಪಡೆಯುವ ವ್ಯವಸ್ಥೆಯೇ ಕ್ಲೌಡ್. ಸ್ವಂತ ಜನರೇಟರ್ ಇರಿಸಿಕೊಳ್ಳುವ ಬದಲು ವಿದ್ಯುತ್ ಕಂಪನಿಯಿಂದ ಸಂಪರ್ಕ ಪಡೆದು, ಬಳಸಿದಷ್ಟಕ್ಕೆ ಬಿಲ್ಲು ಪಾವತಿಸುವುದಕ್ಕೆ ಇದನ್ನು ಹೋಲಿಸಬಹುದು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ವಿದ್ಯುತ್ ಕಂಪನಿಯ ಬಳಿ ಗ್ರಾಹಕನ ಮನೆಯ ಕಾಗದಪತ್ರಗಳು ಇರುವುದಿಲ್ಲ. ಕ್ಲೌಡ್ ಸೇವೆ ನೀಡುವ ಸಂಸ್ಥೆಯ ಯಂತ್ರಗಳಲ್ಲಿ ಗ್ರಾಹಕನ ದತ್ತಾಂಶವೇ ಇರುತ್ತದೆ.

ಮುಕ್ತ ತಂತ್ರಾಂಶ ಎಂದರೇನು

ಯಾವುದೇ ತಂತ್ರಾಂಶವು ಮೂಲತಃ ಪರಿಣತರು ಬರೆದ ಸೂಚನೆಗಳ ಸಂಗ್ರಹ. ಇದನ್ನು ಆಕರ ಸಂಕೇತ ಎನ್ನುತ್ತಾರೆ. ಇದನ್ನು ಯಾರು ಬೇಕಾದರೂ ಓದಲು, ಬಳಸಲು, ತಿದ್ದಲು ಹಾಗೂ ಇತರರಿಗೆ ಹಂಚಲು ಪರವಾನಗಿ ನೀಡಿದ್ದರೆ ಅದು ಓಪನ್ ಸೋರ್ಸ್ ಅಥವಾ ಮುಕ್ತ ತಂತ್ರಾಂಶ.

ಕುಡಿಯುವ ನೀರಿನ ಯೋಜನೆಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಕೊಳವೆ ಮಾರ್ಗದ ನಕ್ಷೆ ಗುತ್ತಿಗೆದಾರನ ಬಳಿ ಮಾತ್ರ ಇದ್ದಲ್ಲಿ ಒಂದು ವಾಲ್ವ್ ಕೆಟ್ಟರೂ ಅವನಿಗಾಗಿಯೇ ಕಾಯಬೇಕಾಗುತ್ತದೆ, ಅವನು ಹೇಳಿದ ದರವನ್ನೇ ಕೊಡಬೇಕಾಗುತ್ತದೆ. ನಕ್ಷೆಯು ಪಂಚಾಯತಿ ಕಚೇರಿಯಲ್ಲಿದ್ದರೆ ಕೆಲಸ ಬಲ್ಲ ಯಾರನ್ನಾದರೂ ಕರೆಸಿ ದುರಸ್ತಿ ಮಾಡಿಸಬಹುದು. ಮುಕ್ತ ತಂತ್ರಾಂಶದಲ್ಲಿ ನಕ್ಷೆಯು ಸಾರ್ವಜನಿಕವಾಗಿರುತ್ತದೆ. ಆದರೆ ನಕ್ಷೆ ಇದ್ದ ಮಾತ್ರಕ್ಕೆ ಕೊಳವೆ ತಾನಾಗಿ ದುರಸ್ತಿಯಾಗುವುದಿಲ್ಲ ಎಂಬುದೂ ಅಷ್ಟೇ ಸತ್ಯ.

ಕ್ಲೌಡ್‌ನ ಅಡಿಪಾಯ

ಇಂದಿನ ಕ್ಲೌಡ್ ವ್ಯವಸ್ಥೆಯು ಬಹುಮಟ್ಟಿಗೆ ಮುಕ್ತ ತಂತ್ರಾಂಶದ ಮೇಲೆಯೇ ನಿಂತಿದೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ಲಿನಕ್ಸ್ ಇಂದು ಜಗತ್ತಿನ ಕ್ಲೌಡ್ ಸರ್ವರ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಒಂದು ಯಂತ್ರವನ್ನು ಹಲವು ಯಂತ್ರಗಳಂತೆ ವಿಭಜಿಸಿ ಬಾಡಿಗೆಗೆ ನೀಡುವ ಝೆನ್ ಎಂಬ ತಂತ್ರಾಂಶವು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2003ರಲ್ಲಿ ಮುಕ್ತವಾಗಿ ಬಿಡುಗಡೆಯಾಯಿತು. 2006ರಲ್ಲಿ ಅಮೆಜಾನ್ ಸಂಸ್ಥೆಯು ಆರಂಭಿಸಿದ ಸರ್ವರ್ ಬಾಡಿಗೆ ಸೇವೆಯು ಇದೇ ಝೆನ್ ಅನ್ನು ಬಳಸಿತು. 2010ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಹಾಗೂ ರ‍್ಯಾಕ್‌ಸ್ಪೇಸ್ ಸಂಸ್ಥೆ ಸೇರಿ ಓಪನ್‌ಸ್ಟ್ಯಾಕ್ ಯೋಜನೆಯನ್ನು ಆರಂಭಿಸಿದವು; ಇದರಿಂದ ಸ್ವಂತ ಸರ್ವರ್‌ಗಳುಳ್ಳ ಸಂಸ್ಥೆಗಳೂ ತಮ್ಮದೇ ಕ್ಲೌಡ್ ಕಟ್ಟಿಕೊಳ್ಳುವಂತಾಯಿತು. 2014ರಲ್ಲಿ ಗೂಗಲ್ ಸಂಸ್ಥೆಯು ಕುಬರ್ನೆಟಿಸ್ ಅನ್ನು ಮುಕ್ತಗೊಳಿಸಿತು. ಒಂದು ತಂತ್ರಾಂಶವನ್ನು ಹಲವು ಸರ್ವರ್‌ಗಳಲ್ಲಿ ಏಕಕಾಲಕ್ಕೆ ನಡೆಸುವುದು, ಒಂದು ಯಂತ್ರ ಕೆಟ್ಟಾಗ ಮತ್ತೊಂದಕ್ಕೆ ಹೊರೆ ವರ್ಗಾಯಿಸುವುದು ಇದರ ಕಾರ್ಯ. ವಿವಿಧ ಕಂಪನಿಗಳ ಕ್ಲೌಡ್‌ಗಳಲ್ಲಿ ಇದು ಲಭ್ಯವಿರುವುದರಿಂದ, ಅದನ್ನು ಆಧರಿಸಿದ ವ್ಯವಸ್ಥೆಯನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸುವುದು ಸುಲಭವಾಗುತ್ತದೆ.

ದೀಕ್ಷಾ ವೇದಿಕೆಯ ನಿದರ್ಶನ

ಶಾಲಾ ಪಠ್ಯಪುಸ್ತಕಗಳಲ್ಲಿರುವ ಚೌಕಾಕಾರದ ಕ್ಯೂಆರ್ ಸಂಕೇತವನ್ನು ಸದಸ್ಯರು ಗಮನಿಸಿರಬಹುದು. ಮೊಬೈಲ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದಾಗ ಕೇಂದ್ರ ಶಿಕ್ಷಣ ಸಚಿವಾಲಯದ ದೀಕ್ಷಾ ವೇದಿಕೆಯ ಪಾಠ ತೆರೆದುಕೊಳ್ಳುತ್ತದೆ. 2017ರಲ್ಲಿ ಆರಂಭವಾದ ಈ ವೇದಿಕೆಯು ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿದೆ. ಅದನ್ನು ರೂಪಿಸಿದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ.

ದೀಕ್ಷಾ ಮೊದಲು ಮೈಕ್ರೋಸಾಫ್ಟ್ ಸಂಸ್ಥೆಯ ಕ್ಲೌಡ್‌ನಲ್ಲಿತ್ತು. 2023ರಲ್ಲಿ ಸಚಿವಾಲಯವು ಅದಕ್ಕಾಗಿ ಒರಾಕಲ್ ಸಂಸ್ಥೆಯ ಕ್ಲೌಡ್ ಅನ್ನು ಆಯ್ಕೆ ಮಾಡಿತು. ಬಾಡಿಗೆಯ ಜಾಗ ಬದಲಾದರೂ ತಂತ್ರಾಂಶವನ್ನು ಹೊಸದಾಗಿ ಖರೀದಿಸಬೇಕಾದ ಸ್ಥಿತಿ ಇರಲಿಲ್ಲ. ಕ್ಯೂಆರ್ ಸಂಕೇತಗಳು ಸರ್ಕಾರದ ಸ್ವಂತ ಜಾಲವಿಳಾಸವನ್ನು ಸೂಚಿಸುವ ಕಾರಣ, ಸರ್ವರ್ ಬದಲಾವಣೆಗಾಗಿ ಪುಸ್ತಕಗಳನ್ನು ಮರುಮುದ್ರಿಸುವ ಪ್ರಶ್ನೆಯೂ ಉದ್ಭವಿಸುವುದಿಲ್ಲ. ಸಾರ್ವಜನಿಕ ಸಂಸ್ಥೆಗೆ ಮುಕ್ತ ತಂತ್ರಾಂಶದಿಂದ ದೊರೆಯುವ ಮುಖ್ಯ ಪ್ರಯೋಜನ ಇದೇ: ಸೇವೆ ತೃಪ್ತಿಕರವಾಗಿಲ್ಲದಿದ್ದಲ್ಲಿ ತನ್ನ ಸಾಮಗ್ರಿಯೊಡನೆ ಬೇರೆಡೆಗೆ ತೆರಳುವ ಅವಕಾಶ.

ಮಿತಿಗಳು

ಮುಕ್ತ ತಂತ್ರಾಂಶವೆಂದರೆ ತಾನಾಗಿಯೇ ಸುರಕ್ಷಿತ ಎಂದು ಭಾವಿಸಲಾಗದು. ದೀಕ್ಷಾದ ದತ್ತಾಂಶವಿದ್ದ ಕ್ಲೌಡ್ ಸಂಗ್ರಹವೊಂದಕ್ಕೆ ಸೂಕ್ತ ರಕ್ಷಣೆ ಇಲ್ಲದೆ ಶಿಕ್ಷಕರ ಹಾಗೂ ವಿದ್ಯಾರ್ಥಿಗಳ ವೈಯಕ್ತಿಕ ವಿವರಗಳು ಬಹಿರಂಗವಾಗಿದ್ದವೆಂದು 2023ರ ಜನವರಿಯಲ್ಲಿ ವರದಿಯಾಯಿತು. ತಂತ್ರಾಂಶ ಮುಕ್ತವಾಗಿರಬೇಕು, ದತ್ತಾಂಶಕ್ಕೆ ಬೀಗವಿರಬೇಕು. ಇವೆರಡೂ ಬೇರೆ ಬೇರೆ ವಿಷಯಗಳು.

ನಿರ್ವಹಣೆಯೂ ಅಷ್ಟೇ ಮುಖ್ಯ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ, ಅಸಂಖ್ಯ ವ್ಯವಸ್ಥೆಗಳಲ್ಲಿ ಬಳಕೆಯಲ್ಲಿದ್ದ ಮುಕ್ತ ತಂತ್ರಾಂಶದಲ್ಲಿ ಗಂಭೀರ ದೋಷ ಪತ್ತೆಯಾಯಿತು. ತಿದ್ದುಪಡಿಯು ಶೀಘ್ರವಾಗಿ ಬಿಡುಗಡೆಯಾದರೂ, ಅದನ್ನು ಅಳವಡಿಸಿಕೊಳ್ಳದವರ ಸರ್ವರ್‌ಗಳು ಅಪಾಯದಲ್ಲಿಯೇ ಉಳಿದವು.

ಬೆಂಬಲ ನಿಂತುಹೋಗುವ ಸಾಧ್ಯತೆಯೂ ಇರುತ್ತದೆ. ಸರ್ವರ್‌ಗಳಲ್ಲಿ ಉಚಿತವಾಗಿ ಬಳಸಲಾಗುತ್ತಿದ್ದ ಸೆಂಟ್‌ಓಎಸ್ ಲಿನಕ್ಸ್ 8ಕ್ಕೆ 2029ರವರೆಗೆ ಬೆಂಬಲವಿರುತ್ತದೆಂದು ನಿರೀಕ್ಷಿಸಲಾಗಿತ್ತು. 2020ರ ಡಿಸೆಂಬರ್‌ನಲ್ಲಿ, ಬೆಂಬಲವು 2021ರ ಅಂತ್ಯಕ್ಕೆ ಮುಗಿಯುತ್ತದೆಂದು ಪ್ರಕಟಿಸಲಾಯಿತು. ಆದರೆ ಆಕರ ಸಂಕೇತ ಲಭ್ಯವಿದ್ದುದರಿಂದ 2021ರಲ್ಲಿಯೇ ಅಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಎಂಬ ಬದಲಿ ವ್ಯವಸ್ಥೆಗಳು ಸಿದ್ಧವಾದವು. ಮುಚ್ಚಿದ ತಂತ್ರಾಂಶವಾಗಿದ್ದಲ್ಲಿ ಬಳಕೆದಾರರಿಗೆ ಈ ದಾರಿ ಇರುತ್ತಿರಲಿಲ್ಲ.

ವೆಚ್ಚದ ಬಗ್ಗೆಯೂ ತಪ್ಪುಕಲ್ಪನೆ ಇರಬಾರದು. ಉಳಿತಾಯವಾಗುವುದು ಪರವಾನಗಿ ಶುಲ್ಕ ಮಾತ್ರ. ಸರ್ವರ್ ಬಾಡಿಗೆ, ಅಳವಡಿಕೆ, ತರಬೇತಿ, ನಿರ್ವಹಣೆಗಳಿಗೆ ಹಣ ಬೇಕಾಗುತ್ತದೆ. ಉಚಿತ ತಂತ್ರಾಂಶವೆಂಬ ಕಾರಣಕ್ಕೆ ಸೇವೆಯ ಖರೀದಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರಿಂದ ವಿನಾಯಿತಿ ದೊರೆಯುವುದಿಲ್ಲ.

ಸರ್ಕಾರದ ನೀತಿ

ಸರ್ಕಾರಿ ಇಲಾಖೆಗಳಿಗಾಗಿ ಕೇಂದ್ರ ಸರ್ಕಾರವು ಮೇಘರಾಜ್ ಹೆಸರಿನ ಕ್ಲೌಡ್ ಕಾರ್ಯಕ್ರಮವನ್ನು ಕೈಗೊಂಡಿದ್ದು, ಅದರಡಿ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ರಾಷ್ಟ್ರೀಯ ಕ್ಲೌಡ್ 2014ರಲ್ಲಿ ಆರಂಭವಾಯಿತು. 2015ರಲ್ಲಿ ಮುಕ್ತ ತಂತ್ರಾಂಶ ಅಳವಡಿಕೆ ನೀತಿಯನ್ನು ಪ್ರಕಟಿಸಿ, ಇ-ಆಡಳಿತ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವಂತೆ ಸೂಚಿಸಲಾಯಿತು. ನಾಗರಿಕರ ವೈಯಕ್ತಿಕ ವಿವರಗಳ ರಕ್ಷಣೆಗಾಗಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ರೂಪುಗೊಂಡಿದೆ.

ಸಭೆಯಲ್ಲಿ ಪರಿಶೀಲಿಸಬೇಕಾದ ಅಂಶಗಳು

ತಂತ್ರಾಂಶ ಅಥವಾ ಕ್ಲೌಡ್ ಸೇವೆಯ ಪ್ರಸ್ತಾವನೆಯು ಸಭೆಯ ಮುಂದೆ ಬಂದಾಗ ಸದಸ್ಯರು ಈ ಕೆಳಕಂಡ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ನಡವಳಿಯಲ್ಲಿ ದಾಖಲಿಸುವುದು ಸೂಕ್ತ.

1. ಇದೇ ಕೆಲಸಕ್ಕೆ ಸರ್ಕಾರವು ಈಗಾಗಲೇ ಉಚಿತವಾಗಿ ಒದಗಿಸಿರುವ ತಂತ್ರಾಂಶ ಇದೆಯೇ?

2. ದತ್ತಾಂಶದ ಒಡೆತನ ಗ್ರಾಮ ಪಂಚಾಯತಿಯದೆಂದು ಕರಾರಿನಲ್ಲಿ ಸ್ಪಷ್ಟವಾಗಿ ನಮೂದಾಗಿದೆಯೇ? ಜಾಲವಿಳಾಸ ಹಾಗೂ ಮುಖ್ಯ ಪಾಸ್‌ವರ್ಡ್ ಯಾರ ಹೆಸರಿನಲ್ಲಿರುತ್ತವೆ?

3. ಗುತ್ತಿಗೆ ಮುಗಿದಾಗ ಸಂಪೂರ್ಣ ದತ್ತಾಂಶವನ್ನು ಬೇರೆ ತಂತ್ರಾಂಶದಲ್ಲಿಯೂ ತೆರೆಯಬಹುದಾದ ಮುಕ್ತ ನಮೂನೆಯಲ್ಲಿ, ಹೆಚ್ಚುವರಿ ಶುಲ್ಕವಿಲ್ಲದೆ ಹಿಂತಿರುಗಿಸಲಾಗುವುದೇ?

4. ಓಪನ್ ಸೋರ್ಸ್ ಎಂದು ಹೇಳಿದ್ದಲ್ಲಿ, ಯಾವ ಪರವಾನಗಿಯಡಿ? ಪಂಚಾಯತಿಗಾಗಿ ಮಾಡಿದ ಮಾರ್ಪಾಡುಗಳ ಆಕರ ಸಂಕೇತವನ್ನೂ ನೀಡಲಾಗುವುದೇ?

5. ಸುರಕ್ಷತಾ ತಿದ್ದುಪಡಿಗಳನ್ನು ಅಳವಡಿಸುವ ಹಾಗೂ ಬ್ಯಾಕಪ್ ಇರಿಸುವ ಹೊಣೆ ಯಾರದು? ಬ್ಯಾಕಪ್‌ನಿಂದ ದತ್ತಾಂಶವನ್ನು ಮರಳಿ ಪಡೆದು ಪರೀಕ್ಷಿಸಲಾಗಿದೆಯೇ?

6. ಮೊದಲ ವರ್ಷದ ನಂತರ ಪ್ರತಿ ವರ್ಷ ತಗಲುವ ವೆಚ್ಚವೆಷ್ಟು, ಅದನ್ನು ಯಾವ ನಿಧಿಯಿಂದ ಭರಿಸಲಾಗುವುದು?

ಈ ಪ್ರಶ್ನೆಗಳನ್ನು ಕೇಳಲು ಗಣಕ ವಿಜ್ಞಾನದ ಪರಿಣತಿ ಬೇಕಾಗಿಲ್ಲ. ತೆರಿಗೆ ವಹಿಯ ಜವಾಬ್ದಾರಿ ಪಂಚಾಯತಿಯದಾಗಿರುವಂತೆಯೇ, ಆ ವಹಿಯು ಸರ್ವರ್‌ನಲ್ಲಿರುವಾಗಲೂ ಅದರ ಜವಾಬ್ದಾರಿ ಪಂಚಾಯತಿಯದೇ ಆಗಿರುತ್ತದೆ. ಮೂರನೆಯ ಪ್ರಶ್ನೆಗೆ ಲಿಖಿತ ಉತ್ತರ ದೊರೆಯದಿದ್ದಲ್ಲಿ, ದರವು ಎಷ್ಟೇ ಕಡಿಮೆಯಿದ್ದರೂ ಅನುಮೋದನೆಯನ್ನು ಮುಂದೂಡಿ ಸ್ಪಷ್ಟೀಕರಣ ಪಡೆಯುವುದು ಗ್ರಾಮದ ಹಿತದೃಷ್ಟಿಯಿಂದ ಉಚಿತವಾಗಿರುತ್ತದೆ.