ಆಟದ ಬ್ಯಾಂಕು

ಮಕ್ಕಳೇ, ನೀವು ಅಂಗಡಿ ಆಟ ಆಡಿದ್ದೀರಲ್ಲವೇ? ಹುಣಸೆ ಬೀಜಗಳೇ ನಾಣ್ಯಗಳು. ಹೆಂಚಿನ ಚೂರು, ಜೋಳದ ಕಾಳುಗಳೇ ಸಾಮಾನುಗಳು. ಆಟ ಎರಡು ದಿನ ನಡೆಯಿತೆಂದರೆ ಜಗಳ ಶುರುವಾಗುತ್ತದೆ. "ನಿನ್ನೆ ನನ್ನ ಹತ್ತಿರ ಇಪ್ಪತ್ತು ಬೀಜ ಇದ್ದವು" ಎಂದು ಒಬ್ಬರು. "ಇಲ್ಲ, ಹನ್ನೆರಡೇ ಇದ್ದವು" ಎಂದು ಇನ್ನೊಬ್ಬರು. ಆಗ ಲೆಕ್ಕ ಇಡಲು ಒಂದು ಬ್ಯಾಂಕು ಬೇಕೆನಿಸುತ್ತದೆ.

ಬೇರೆ ಬೇರೆ ಊರುಗಳಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಕೂಡಿ ಆಡುವವರಿಗೂ ಇದೇ ತೊಂದರೆ. ಮೈನ್‌ಕ್ರಾಫ್ಟ್‌ನಂತಹ ಆಟಗಳಲ್ಲಿ ಗೆಳೆಯರ ಚಿಕ್ಕ ಗುಂಪುಗಳು ತಮ್ಮದೇ ನಾಣ್ಯ ಮಾಡಿಕೊಳ್ಳುತ್ತವೆ. ಅದರ ಲೆಕ್ಕ ಇಡುವ ತಂತ್ರಾಂಶವನ್ನು ಅವರಲ್ಲೇ ಕೆಲವರು ಬಿಡುವಿನ ವೇಳೆಯಲ್ಲಿ ಹವ್ಯಾಸಕ್ಕಾಗಿ ಬರೆಯುತ್ತಾರೆ. ತಂತ್ರಾಂಶವೆಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳು. ಅದು ಹೇಗೆ ಕೆಲಸ ಮಾಡುತ್ತದೆ? ನಮ್ಮ ಹುಣಸೆ ಬೀಜಗಳಿಂದಲೇ ತಿಳಿಯೋಣ.

ಒಟ್ಟು 100 ಬೀಜಗಳಿವೆ ಎನ್ನಿ. ನಾಲ್ವರು ಗೆಳೆಯರಿಗೆ ತಲಾ 20 ಕೊಟ್ಟೆವು. ಉಳಿದ 20 ಬ್ಯಾಂಕಿನಲ್ಲಿವೆ. ನೀನು ಗೆಳತಿಯಿಂದ 8 ಬೀಜಕ್ಕೆ ಸಾಮಾನು ಕೊಂಡೆ. ನಿನ್ನ ಖಾತೆಯಲ್ಲಿ 12 ಆಯಿತು, ಅವಳ ಖಾತೆಯಲ್ಲಿ 28. ಎಲ್ಲವನ್ನೂ ಕೂಡಿಸಿ ನೋಡು, ಮತ್ತೆ 100! ಒಂದು ಕಡೆ ಕಡಿಮೆಯಾದದ್ದು ಇನ್ನೊಂದು ಕಡೆ ಹೆಚ್ಚಾಗಲೇಬೇಕು. ಹೀಗೆ ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿಯನ್ನು ಇಟಲಿಯ ವ್ಯಾಪಾರಿಗಳು ಬಹಳ ಹಿಂದೆಯೇ ಬಳಸುತ್ತಿದ್ದರು. ಲೂಕಾ ಪಾಚೋಲಿ ಎಂಬ ಗಣಿತಜ್ಞ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅದನ್ನು ವಿವರಿಸಿದ.

ಈಗ ಒಂದು ಪೇಚಿನ ಪ್ರಸಂಗ. ಕಂಪ್ಯೂಟರು ನಿನ್ನ ಖಾತೆಯಿಂದ 8 ಕಳೆಯಿತು. ಅಷ್ಟರಲ್ಲಿ ಕರೆಂಟು ಹೋಯಿತು! ಗೆಳತಿಯ ಖಾತೆಗೆ 8 ಸೇರಲೇ ಇಲ್ಲ. ಆ ಬೀಜಗಳು ಎಲ್ಲಿ ಹೋದವು? ಎಲ್ಲಿಯೂ ಇಲ್ಲ. ಆದ್ದರಿಂದ ಒಳ್ಳೆಯ ತಂತ್ರಾಂಶವು ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಅರ್ಧಕ್ಕೆ ನಿಂತರೆ ಮಾಡಿದ್ದನ್ನೂ ರದ್ದು ಮಾಡಿ ಮೊದಲಿನ ಸ್ಥಿತಿಗೆ ತರುತ್ತದೆ. ನಿಮ್ಮ ತಂದೆ ತಾಯಿ ಫೋನಿನಿಂದ ಹಣ ಕಳಿಸುವಾಗ ಇದೇ ನಿಯಮ ಅವರ ದುಡಿಮೆಯ ಹಣವನ್ನು ಕಾಯುತ್ತದೆ.

ಇನ್ನೊಂದು ಮಾತು. ಲೆಕ್ಕ ತಪ್ಪಿದರೆ ರಬ್ಬರಿನಿಂದ ಅಳಿಸಬಾರದು. ಕೆಳಗೆ ಹೊಸ ಸಾಲು ಬರೆದು ತಿದ್ದಬೇಕು. ಅಳಿಸಿದರೆ ತಪ್ಪು ಯಾವುದು, ಮೋಸ ಯಾವುದು ಎಂದು ಆಮೇಲೆ ಹೇಳುವುದು ಹೇಗೆ?

ಉಮರಗಾ ತಾಲೂಕಿನ ತುರೋರಿಯಾಗಲಿ, ನಿಲಂಗಾ, ಉದಗೀರ ಭಾಗದ ಹಳ್ಳಿಗಳಾಗಲಿ, ಅಲ್ಲಿಯ ಮಹಿಳೆಯರಿಗೆ ಬಚತ್ ಗಟ ಗೊತ್ತು. ಸದಸ್ಯರು ಪ್ರತಿ ತಿಂಗಳೂ ಸ್ವಲ್ಪ ಹಣ ಕೂಡಿಸುತ್ತಾರೆ, ಬೇಕಾದವರಿಗೆ ಸಾಲ ಕೊಡುತ್ತಾರೆ. ಲೆಕ್ಕದ ವಹಿಯನ್ನು ಸಭೆಯಲ್ಲಿ ಎಲ್ಲರೆದುರು ತೆರೆದರೆ ಯಾರಿಗೂ ಸಂಶಯ ಉಳಿಯದು. ಮುಕ್ತ ತಂತ್ರಾಂಶವೂ ತೆರೆದ ವಹಿಯಂತೆಯೇ. ಅದರ ಆಜ್ಞೆಗಳನ್ನು ಯಾರು ಬೇಕಾದರೂ ಓದಬಹುದು, ತಪ್ಪು ಹುಡುಕಬಹುದು, ತಿದ್ದಿ ಇತರರಿಗೆ ಕೊಡಬಹುದು. ಆದರೆ ಖಾತೆದಾರರ ಗುಪ್ತಪದ ಮಾತ್ರ ಯಾರಿಗೂ ಕಾಣಬಾರದು. ತೆರೆದಿರಬೇಕಾದದ್ದು ಲೆಕ್ಕದ ವಿಧಾನ, ತಿಜೋರಿಯ ಬೀಗದ ಕೈ ಅಲ್ಲ!

ಹವ್ಯಾಸವೆಂದರೆ ಕಡೆಗಣಿಸಬೇಡಿ. ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಹವ್ಯಾಸಕ್ಕೆಂದೇ ಲಿನಕ್ಸ್ ಬರೆಯತೊಡಗಿದ. ಇಂದು ಆಂಡ್ರಾಯ್ಡ್ ಫೋನುಗಳ ಒಳಗೂ ಲಿನಕ್ಸ್ ಇದೆ. ಕೇರಳದ ಶಾಲೆಗಳಲ್ಲಿ, ಅಂದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಶಾಲೆಗಳಲ್ಲಿಯೂ, ಮುಕ್ತ ತಂತ್ರಾಂಶದ ಮೇಲೆಯೇ ಕಂಪ್ಯೂಟರ್ ಕಲಿಸುತ್ತಾರೆ. ಮನೆಯ ಜಮಾಖರ್ಚು ಬರೆಯಲು ಗ್ನೂಕ್ಯಾಶ್ ಎಂಬ ಮುಕ್ತ ತಂತ್ರಾಂಶವಿದೆ. ಅದರಲ್ಲಿಯೂ ಪಾಚೋಲಿ ವಿವರಿಸಿದ ಆ ಎರಡು ಕಡೆ ಬರೆಯುವ ಪದ್ಧತಿಯೇ ಇದೆ.

ನಿಮ್ಮಲ್ಲಿ ಕಂಪ್ಯೂಟರ್ ಇಲ್ಲವೇ? ಚಿಂತೆಯಿಲ್ಲ. ಒಂದು ಹಳೆಯ ವಹಿ, 100 ಹುಣಸೆ ಬೀಜ, ನಾಲ್ವರು ಗೆಳೆಯರು ಸಾಕು. ಭಾನುವಾರ ಬ್ಯಾಂಕು ತೆರೆಯಿರಿ. ಸಂಜೆ ಬೀಜಗಳನ್ನು ಎಣಿಸಿರಿ. 97 ಬಂದರೆ ಮೊದಲು ವಹಿಯಲ್ಲಿ ಹುಡುಕಿರಿ, ಆಮೇಲೆ ಎಲ್ಲರ ಜೇಬುಗಳಲ್ಲಿ.