ನ್ಯೂಟ್ರಿನೊವಿನ ಜಾಡು ಮತ್ತು ತಂತಿಗಳ ಸಾಕ್ಷ್ಯ

ನ್ಯೂಟ್ರಿನೊ ಎಂಬ ಕಣಕ್ಕೆ ವಿದ್ಯುದಾವೇಶವಿಲ್ಲ. ಅದು ಭೂಮಿಯನ್ನೇ ತೂರಿಹೋದರೂ ಸಾಮಾನ್ಯವಾಗಿ ಗುರುತನ್ನುಳಿಸದು. ಎಲ್ಲೋ ಒಮ್ಮೆ ಪರಮಾಣುವಿಗೆ ತಾಗಿದಾಗ ಹೊರಚಿಮ್ಮುವ ಇತರ ಕಣಗಳಿಂದಲೇ ಅದರ ಇರವನ್ನು ಅರಿಯಬೇಕು. 1965ರಲ್ಲಿ ಕೋಲಾರ ಚಿನ್ನದ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳು ಪತ್ತೆಯಾದುದೂ ಹೀಗೆಯೇ. ಇಂತಹ ಕಣಗಳ ಜಾಡನ್ನು ಚಿತ್ರದಂತೆ ಕಾಣಲು ದ್ರವರೂಪದ ಆರ್ಗಾನ್ ಅನಿಲವನ್ನು ಬಳಸಬಹುದೆಂದು 1977ರಲ್ಲಿ ಕಾರ್ಲೊ ರುಬ್ಬಿಯಾ ಸೂಚಿಸಿದರು.

ಅಮೆರಿಕದ ಫರ್ಮಿ ಪ್ರಯೋಗಾಲಯದಲ್ಲಿ 2015ರಲ್ಲಿ ಕಾರ್ಯಾರಂಭ ಮಾಡಿ 2021ರಲ್ಲಿ ನಿಂತ ಮೈಕ್ರೋಬೂನ್ ಇದಕ್ಕೊಂದು ನಿದರ್ಶನ. ಅದರಲ್ಲಿ ಸೊನ್ನೆಗಿಂತ ಸುಮಾರು 186 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ 170 ಟನ್ ಆರ್ಗಾನ್ ತುಂಬಿತ್ತು. ಒಂದು ಪಕ್ಕದಲ್ಲಿ ಮೂರು ಪದರಗಳಾಗಿ, 3 ಮಿಲಿಮೀಟರ್ ಅಂತರದಲ್ಲಿ, 8 ಸಾವಿರಕ್ಕೂ ಹೆಚ್ಚು ತಂತಿಗಳನ್ನು ಬಿಗಿಯಲಾಗಿತ್ತು. ಕಣವು ಹಾದುಹೋದ ದಾರಿಯಲ್ಲಿ ಬಿಡುಗಡೆಯಾದ ಎಲೆಕ್ಟ್ರಾನುಗಳು ವಿದ್ಯುತ್ ಕ್ಷೇತ್ರದ ಸೆಳೆತದಿಂದ ತಂತಿಗಳತ್ತ ತೇಲಿಬರುತ್ತವೆ. ಯಾವ ತಂತಿಗೆ, ಯಾವ ಕ್ಷಣದಲ್ಲಿ ಬಂದವೆಂಬುದರಿಂದ ಜಾಡಿನ ರೂಪವು ತಿಳಿಯುತ್ತದೆ. ಇದಕ್ಕಾಗಿ ಪ್ರತಿಯೊಂದು ತಂತಿಯನ್ನೂ ಸೆಕೆಂಡಿಗೆ 20 ಲಕ್ಷ ಬಾರಿ ಅಳೆಯಲಾಗುತ್ತಿತ್ತು.

ಆದರೆ ತಂತಿಯ ಸಂಕೇತವು ನೇರವಾದ ಚಿತ್ರವಲ್ಲ. ಮೊದಲೆರಡು ಪದರಗಳ ತಂತಿಗಳನ್ನು ಎಲೆಕ್ಟ್ರಾನುಗಳು ಮುಟ್ಟದೆ ದಾಟುತ್ತವೆ. ಆದುದರಿಂದ ಅಲ್ಲಿ ಸಂಕೇತವು ಒಮ್ಮೆ ಧನವಾಗಿ, ಒಮ್ಮೆ ಋಣವಾಗಿ ಏಳುತ್ತದೆ. ಜಾಡು ಪದರದತ್ತ ನೇರವಾಗಿ ಚಾಚಿದ್ದರೆ ಇವೆರಡೂ ಪರಸ್ಪರ ಅಳಿಸಿಹೋಗುವುದುಂಟು. ಎಲೆಕ್ಟ್ರಾನುಗಳು ನೆರೆಯ ತಂತಿಗಳಲ್ಲಿಯೂ ಸ್ಪಂದನವೆಬ್ಬಿಸುತ್ತವೆ. ಆದ್ದರಿಂದ ಕಾಲವನ್ನೂ ನೆರೆತಂತಿಗಳನ್ನೂ ಒಟ್ಟಿಗೆ ಗಣಿಸಿ, ಗಣಕಯಂತ್ರದ ಮೂಲಕ ನಿಜವಾದ ಆವೇಶವನ್ನು ಹಿಂದಕ್ಕೆ ಲೆಕ್ಕಹಾಕುವ ವಿಧಾನವನ್ನು ವಿಜ್ಞಾನಿಗಳು ರೂಪಿಸಿ 2018ರಲ್ಲಿ ಪ್ರಕಟಿಸಿದರು.

ಇದಕ್ಕೂ ಮುನ್ನ ಉಪಕರಣದ್ದೇ ಆದ ಗದ್ದಲವನ್ನು ತೆಗೆಯಬೇಕು. ಅನೇಕ ತಂತಿಗಳಲ್ಲಿ ಏಕಕಾಲಕ್ಕೆ ಕಾಣುವುದನ್ನು ಗದ್ದಲವೆಂದು ಕಳೆಯುವುದು ರೂಢಿ. ಆದರೆ ತಂತಿಗಳ ಪದರಕ್ಕೆ ಸಮಾಂತರವಾದ ಜಾಡೂ ಏಕಕಾಲಕ್ಕೇ ಕಾಣುತ್ತದೆ! ಕಳೆ ಕೀಳುವಾಗ ಪೈರನ್ನೂ ಕಿತ್ತಂತಾಗದಿರಲು, ಎದ್ದುಕಾಣುವ ಸಂಕೇತಗಳನ್ನು ಮೊದಲೇ ಗುರುತಿಸಿ ಕಾಪಾಡಲಾಗುತ್ತದೆ.

ಈ ಎಚ್ಚರವು ವ್ಯರ್ಥವಲ್ಲ. ಅದೇ ಪ್ರಯೋಗಾಲಯದ ಹಿಂದಿನ ಉಪಕರಣವಾದ ಮಿನಿಬೂನ್, ನಿರೀಕ್ಷೆಗಿಂತ ಹೆಚ್ಚು ಘಟನೆಗಳನ್ನು ಕಂಡಿತ್ತು; ಅವು ಎಲೆಕ್ಟ್ರಾನಿನವೋ ಗಾಮಾ ಕಿರಣದವೋ ಎಂದು ಅದು ಬೇರ್ಪಡಿಸಲಾರದು. ಆರ್ಗಾನಿನಲ್ಲಿ ಗಾಮಾ ಕಿರಣವು ಸಾಮಾನ್ಯವಾಗಿ ಜೋಡಿ ಕಣಗಳಾಗಿ ಒಡೆಯುವುದರಿಂದ ಅದರ ಜಾಡಿನ ಆರಂಭದಲ್ಲಿ ಆವೇಶವು ಇಮ್ಮಡಿ. ಆವೇಶದ ಲೆಕ್ಕ ತಪ್ಪಿದರೆ ತೀರ್ಮಾನವೂ ತಪ್ಪೀತು. 2021ರಲ್ಲಿ ಮೈಕ್ರೋಬೂನ್ ಪ್ರಕಟಿಸಿದ ಮೊದಲ ಫಲಿತಾಂಶಗಳಲ್ಲಿ ಎಲೆಕ್ಟ್ರಾನುಗಳ ಅಂತಹ ಆಧಿಕ್ಯವು ಕಂಡುಬರಲಿಲ್ಲ. ಇಲ್ಲವೆಂದು ಧೈರ್ಯದಿಂದ ಹೇಳಬೇಕಾದರೂ ಇದ್ದಿದ್ದರೆ ಕಾಣುತ್ತಿತ್ತೆಂಬ ಭರವಸೆ ಬೇಕು. ಆ ಭರವಸೆಯನ್ನು ತಂದುಕೊಟ್ಟದ್ದರಲ್ಲಿ ಸಂಕೇತಗಳ ಈ ಸಂಸ್ಕರಣಕ್ಕೆ ದೊಡ್ಡ ಪಾಲಿದೆ.